‘ಪುಸ್ತಕ ಇವತ್ತು ನಿನಗೆ ಕೊಡ್ತೀನಿ ಅಂದ’: ಚರ್ಚಾಗುಂಪಿಗೆ ಒಂದು ವಾಕ್ಯ ಸಾಕು

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಮತ್ತು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಸೇರಿ ಒಂದು ಚರ್ಚಾಗುಂಪು ಶುರು ಮಾಡಿದ್ದೇವೆ. ವಾರಕ್ಕೊಂದು ಪೇಪರ್ ಓದಿಕೊಂಡು ಬರಬೇಕು, ಒಬ್ಬರು ಸ್ಲೈಡ್ ಹಾಕಿ ವಿವರಿಸಬೇಕು. ಬೇಗನೇ ಅರ್ಧ ಜನ ಬರುವುದು ನಿಲ್ಲಿಸಿದರು. ತತ್ತ್ವಶಾಸ್ತ್ರದವರು ‘ಅರ್ಥ ಅಂದರೇನು’ ಅಂತ ಹಿಡಿದರೆ ಬಿಡುವುದಿಲ್ಲ. ನಾವು ‘ಡೇಟಾ ಎಲ್ಲಿ’ ಅಂತ ಕೇಳಿ ಕೈಕಟ್ಟಿ ಕೂರುತ್ತೇವೆ. ಉದಾಹರಣೆಗಳೆಲ್ಲ ಇಂಗ್ಲಿಷಿನವು. ಏನು ಓದಬೇಕು, ಹೇಗೆ ನಡೆಸಬೇಕು? ಕನ್ನಡಕ್ಕೆ ಇದರಲ್ಲಿ ಏನಾದರೂ ಕೆಲಸ ಇದೆಯಾ? – ಎಂ.ಎ. ವಿದ್ಯಾರ್ಥಿನಿ

ಉತ್ತರ: ಓದುವ ಪಟ್ಟಿ ಕೊಡುತ್ತೇನೆ, ಆದರೆ ಆಮೇಲೆ. ಪಟ್ಟಿಯಿಂದ ಶುರು ಮಾಡಿದ್ದೇ ನಿಮ್ಮ ಗುಂಪಿನ ತೊಂದರೆ ಅಂತ ನನ್ನ ಅನುಮಾನ. ನಲವತ್ತು ಪುಟದ ಪೇಪರನ್ನು ವಾರದಲ್ಲಿ ಎಲ್ಲರೂ ಓದಿ ಬರುತ್ತಾರೆ ಅನ್ನುವುದು ಸುಳ್ಳು. ಇಬ್ಬರು ಓದಿರುತ್ತಾರೆ, ನಾಲ್ಕು ಜನ ಮೊದಲ ಪುಟ ನೋಡಿರುತ್ತಾರೆ, ಉಳಿದವರು ಓದಿದವರ ಮುಖ ನೋಡುತ್ತಾರೆ. ಓದಿದ ಇಬ್ಬರ ನಡುವೆಯೂ ಜಗಳ ಆಡಲು ಒಂದು ಸಾಮಾನು ಇಲ್ಲ. ಒಬ್ಬರ ಕೈಯಲ್ಲಿ ವಾದ, ಇನ್ನೊಬ್ಬರ ಕೈಯಲ್ಲಿ ಏನೂ ಇಲ್ಲ.

ಮೇಜಿನ ಮೇಲೆ ಮೊದಲು ಒಂದು ವಾಕ್ಯ ಇಡಿ. ನಿಮ್ಮಲ್ಲಿ ಎಲ್ಲರಿಗೂ ಓದದೆಯೇ ಗೊತ್ತಿರುವ ವಾಕ್ಯ. ಪೇಪರ್ ಬಂದು ಆ ವಾಕ್ಯಕ್ಕೆ ಉತ್ತರ ಕೊಡಲಿ.

ಇದು ನನ್ನ ಹೊಸ ಐಡಿಯಾ ಏನಲ್ಲ. ಆಕ್ಸ್‌ಫರ್ಡಿನಲ್ಲಿ ತತ್ತ್ವಜ್ಞ ಜೆ.ಎಲ್. ಆಸ್ಟಿನ್ ಎರಡನೇ ಮಹಾಯುದ್ಧ ಮುಗಿದ ಮೇಲೆ ಶನಿವಾರ ಬೆಳಿಗ್ಗೆ ತನಗಿಂತ ಕಿರಿಯ ಅಧ್ಯಾಪಕರನ್ನು ಸೇರಿಸುತ್ತಿದ್ದ. ಅಲ್ಲಿ ಪುಸ್ತಕಗಳನ್ನೂ ಓದುತ್ತಿದ್ದರು, ಕೊನೆಕೊನೆಗೆ ಭಾಷಾವಿಜ್ಞಾನಿ ಚಾಮ್ಸ್ಕಿಯ 1957ರ ಪುಟ್ಟ ಪುಸ್ತಕವನ್ನೂ ಓದಿದರು. ಆದರೆ ಆ ಗುಂಪಿನ ಹೆಸರು ಉಳಿದದ್ದು ಮಾತಿನ ಸಣ್ಣ ಸಣ್ಣ ವ್ಯತ್ಯಾಸಗಳನ್ನು ಗಂಟೆಗಟ್ಟಲೆ ಕೂತು ಬಿಡಿಸಿದ್ದಕ್ಕೆ. ಆಸ್ಟಿನ್ 1956ರ ಒಂದು ಭಾಷಣದಲ್ಲಿ ಹೇಳಿದ ಕತ್ತೆಯ ಕತೆ ನೋಡಿ. ನಿನ್ನ ಕತ್ತೆ, ನನ್ನ ಕತ್ತೆ ಎರಡೂ ಒಂದೇ ಹೊಲದಲ್ಲಿ ಮೇಯುತ್ತವೆ. ನನ್ನ ಕತ್ತೆಯ ಮೇಲೆ ನನಗೆ ಬೇಸರ ಬಂತು. ಗುರಿಯಿಟ್ಟು ಹೊಡೆದೆ, ಬಿತ್ತು. ಹತ್ತಿರ ಹೋಗಿ ನೋಡಿದರೆ ಅದು ನಿನ್ನದು. ಇನ್ನೊಂದು ಸಲ: ನನ್ನದಕ್ಕೇ ಸರಿಯಾಗಿ ಗುರಿಯಿಟ್ಟೆ, ಹೊಡೆಯುವಷ್ಟರಲ್ಲಿ ಕತ್ತೆಗಳು ಸರಿದಾಡಿದವು, ಬಿದ್ದದ್ದು ನಿನ್ನದು. ಮೊದಲನೆಯದನ್ನು ‘ತಪ್ಪು ತಿಳಿದು ಹೊಡೆದೆ’ ಅನ್ನಬಹುದು, ಎರಡನೆಯದನ್ನು ಹಾಗೆ ಅನ್ನಲಾಗದು. ಅದು ಆಕಸ್ಮಿಕ. ಇಲ್ಲಿ ಯಾರೂ ‘ತಪ್ಪು ಅಂದರೇನು’ ಅಂತ ಕೇಳಲಿಲ್ಲ ನೋಡಿ. ಒಂದು ಮಾತು ಒಪ್ಪುವ, ಇನ್ನೊಂದು ಒಪ್ಪದ ಸಂದರ್ಭವನ್ನು ಕಟ್ಟಿದರು, ಅಷ್ಟೇ. ನಿಮ್ಮ ತತ್ತ್ವಶಾಸ್ತ್ರದ ಗೆಳೆಯರಿಗೆ ಇದು ಅವರದೇ ಮನೆಯ ವಿದ್ಯೆ ಅಂತ ನೆನಪು ಮಾಡಿ.

ಈಗ ನಿಮ್ಮ ಮೊದಲ ಸಭೆಗೆ ಒಂದು ವಾಕ್ಯ ಕೊಡುತ್ತೇನೆ.

ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ನನಗೆ ರಮೇಶ ಸಿಕ್ಕಿದ ಅಂತ ಇಟ್ಟುಕೊಳ್ಳಿ. ಸವಿತಾಳ ಪುಸ್ತಕ ಅವನ ಹತ್ತಿರ ಇದೆ. ಅವನು ನನಗೆ ಹೇಳಿದ್ದು ಇದು: ‘ಪುಸ್ತಕ ನಾಳೆ ಸವಿತಾಗೆ ಕೊಡ್ತೀನಿ.’ ಮಂಗಳವಾರ ಸವಿತಾ ಸಿಕ್ಕಳು. ನಾನು ಅವಳಿಗೆ ಹೇಳಿದೆ: ‘ನಿನ್ನೆ ರಮೇಶ ಸಿಕ್ಕಿದ್ದ. ಪುಸ್ತಕ ಇವತ್ತು ನಿನಗೆ ಕೊಡ್ತೀನಿ ಅಂದ.’

ಎಷ್ಟು ಸಲೀಸಾಗಿ ಅರ್ಥವಾಗುತ್ತದೆ ಅಲ್ವಾ? ಸವಿತಾ ಒಂದು ಕ್ಷಣವೂ ತಡವರಿಸುವುದಿಲ್ಲ. ಪುಸ್ತಕ ಕೊಡುವವನು ರಮೇಶ, ತೆಗೆದುಕೊಳ್ಳುವವಳು ತಾನು, ದಿನ ಮಂಗಳವಾರ.

ಈಗ ಒಂದೊಂದೇ ಪದ ಬಿಡಿಸಿ. ರಮೇಶನ ಬಾಯಲ್ಲಿ ‘ಇವತ್ತು’ ಬಂದೇ ಇಲ್ಲ, ಅವನು ಅಂದದ್ದು ‘ನಾಳೆ’. ‘ನಿನಗೆ’ ಕೂಡ ಬಂದಿಲ್ಲ. ಅವನು ನನ್ನ ಎದುರು ನಿಂತು ‘ನಿನಗೆ’ ಅಂದಿದ್ದರೆ ಪುಸ್ತಕ ನನಗೆ ಬರಬೇಕಿತ್ತು. ಹಾಗಾದರೆ ‘ಇವತ್ತು’, ‘ನಿನಗೆ’ ಎರಡೂ ನನ್ನವು, ಮಂಗಳವಾರ ಮಾತಾಡುತ್ತಿರುವ ನನ್ನ ಲೆಕ್ಕದವು. ಆದರೆ ‘ಕೊಡ್ತೀನಿ’? ಅದರ ತುದಿಯ ಉತ್ತಮ ಪುರುಷ ಪ್ರತ್ಯಯ ನನ್ನದಲ್ಲ. ಕೊಡುವವನು ನಾನಲ್ಲವಲ್ಲ. ಅದು ರಮೇಶನದು. ಮೂರು ಪದದ ಒಳಗೆ ಇಬ್ಬರ ಲೆಕ್ಕ ಓಡುತ್ತಿದೆ, ಕೇಳಿದವಳಿಗೆ ಗೊಂದಲವೇ ಇಲ್ಲ.

ಇಷ್ಟು ಮೇಜಿನ ಮೇಲೆ ಇದ್ದರೆ ತತ್ತ್ವಜ್ಞ ಡೇವಿಡ್ ಕ್ಯಾಪ್ಲನ್ ಒಳಗೆ ಬರಬಹುದು. 1977ರಿಂದ ಟೈಪ್ ಪ್ರತಿಯಾಗಿ ಕೈಯಿಂದ ಕೈಗೆ ಓಡಾಡಿ, 1989ರಲ್ಲಿ ಅಚ್ಚಾದ ಅವನ ಬರಹ ನಿಮ್ಮ ತತ್ತ್ವಶಾಸ್ತ್ರದವರಿಗೆ ಗೊತ್ತಿರುತ್ತದೆ. ‘ನಾನು’, ‘ಇಲ್ಲಿ’, ‘ಈಗ’, ‘ನಾಳೆ’ ಇಂಥ ಪದಗಳಿಗೆ ಇಂಡೆಕ್ಸಿಕಲ್ ಅನ್ನುತ್ತಾರೆ. ಇವಕ್ಕೆ ಎರಡು ಪದರ ಇದೆ ಅಂತ ಕ್ಯಾಪ್ಲನ್ ಹೇಳಿದ. ಒಂದು, ಎಲ್ಲರ ಬಾಯಲ್ಲೂ ಒಂದೇ ಆಗಿರುವ ನಿಯಮ: ‘ನಾನು’ ಅಂದರೆ ಯಾರು ಮಾತಾಡುತ್ತಿದ್ದಾರೋ ಅವರು. ಇನ್ನೊಂದು, ಆ ನಿಯಮ ಈ ಸಂದರ್ಭದಲ್ಲಿ ಕೈಗೆ ಕೊಟ್ಟ ವ್ಯಕ್ತಿ. ಒಮ್ಮೆ ವ್ಯಕ್ತಿ ಸಿಕ್ಕಿದ ಮೇಲೆ ಹೊರಗಿನಿಂದ ‘ಹೇಳಿದ’, ‘ಇರಬಹುದು’, ‘ಖಂಡಿತ’ ಏನೇ ಸೇರಿಸಿದರೂ ‘ನಾನು’ ಬೇರೆಯವರ ಕಡೆ ತಿರುಗುವುದಿಲ್ಲ. ತಿರುಗಿಸುವಂಥ ಶಬ್ದ ಯಾವುದಾದರೂ ಇದ್ದರೆ ಅದನ್ನು ಅವನು ‘ಮಾನ್‌ಸ್ಟರ್’ ಅಂತ ಕರೆದ. ಇಂಗ್ಲಿಷಿನಲ್ಲಿ ಅಂಥದ್ದು ಇಲ್ಲ, ತಂದು ಸೇರಿಸಲೂ ಆಗದು ಅಂದ. ಬೇರೆಯವರ ‘ನಾನು’ ನಮ್ಮ ಬಾಯಲ್ಲಿ ಬರಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಮಾತ್ರ.

ಬಹಳ ಕಾಲ ಇದನ್ನು ಎಲ್ಲರೂ ಒಪ್ಪಿಕೊಂಡು ನಡೆದರು. 2003ರಲ್ಲಿ ಭಾಷಾವಿಜ್ಞಾನಿ ಫಿಲಿಪ್ ಶ್ಲೆಂಕರ್ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯನ್ನು ಮುಂದಿಟ್ಟ. ಅಲ್ಲಿ ‘ಜಾನ್ ನಾನು ಹೀರೋ ಅನ್ನುತ್ತಾನೆ’ ಅಂದರೆ ಹೀರೋ ಜಾನ್ ಆಗಬಹುದು, ಅದನ್ನು ಉದ್ಧರಣೆ ಅಂತ ತಳ್ಳಿಹಾಕಲೂ ಆಗುವುದಿಲ್ಲ ಅಂತ ವಾದ. ಮರುವರ್ಷ ಪ್ರಣವ್ ಆನಂದ್ ಮತ್ತು ಆಂಡ್ರ್ಯೂ ನೆವಿನ್ಸ್ ಟರ್ಕಿಯ ಪೂರ್ವ ಭಾಗದ ಜ಼ಾಜ಼ಾಕಿ ಭಾಷೆಯನ್ನು ತಂದರು. ಅಲ್ಲಿ ‘ಹೇಳು’ ಅನ್ನುವ ಕ್ರಿಯಾಪದದ ಕೆಳಗೆ ಇಂಡೆಕ್ಸಿಕಲ್‌ಗಳು ತಿರುಗಿದರೆ ಎಲ್ಲವೂ ಒಟ್ಟಿಗೆ ತಿರುಗಬೇಕು, ಇಲ್ಲವಾದರೆ ಯಾವುದೂ ತಿರುಗಬಾರದು. ನಮ್ಮ ಬಸ್ ಸ್ಟ್ಯಾಂಡ್ ವಾಕ್ಯದಲ್ಲಿ ಆಗಿದ್ದು ಹಾಗಲ್ಲ. ಪ್ರತ್ಯಯ ತಿರುಗಿತು, ‘ನಿನಗೆ’ ತಿರುಗಲಿಲ್ಲ.

ಇಷ್ಟು ಹೇಳಿ ಭಾಷಾವಿಜ್ಞಾನದವರು ಗೆದ್ದೆವು ಅಂತ ಎದ್ದುಹೋಗಬೇಡಿ. ನಿಜವಾದ ಮಜಾ ಈಗ ಶುರು.

ತತ್ತ್ವಶಾಸ್ತ್ರದ ಕಡೆಯವರು ಮೊದಲು ಹೇಳುವುದು: ‘ಅಂತ’, ‘ಎಂದು’ ಅನ್ನುವುದೇ ಕನ್ನಡದ ಉದ್ಧರಣ ಚಿಹ್ನೆ. ಇದು ಸುಮ್ನೆ ಎತ್ತಿದ ತಕರಾರಲ್ಲ. ‘ದಢಾರ್ ಅಂತ ಬಿತ್ತು’ ಅನ್ನುತ್ತೇವೆ, ‘ಬಾ ಅಂತ ಕರೆದ’ ಅನ್ನುತ್ತೇವೆ. ‘ಅಂತ’ ಹಸಿ ಸದ್ದನ್ನೂ ನುಂಗುತ್ತದೆ, ಆಜ್ಞೆಯನ್ನೂ ನುಂಗುತ್ತದೆ. ಹಾಗಿರುವಾಗ ‘ಕೊಡ್ತೀನಿ’ಯನ್ನು ನುಂಗಿದರೆ ಏನು ವಿಶೇಷ? ಇದಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಪೂರ್ತಿ ಉದ್ಧರಣೆಯಾಗಿದ್ದರೆ ‘ಇವತ್ತು ನಿನಗೆ’ ಒಳಗೆ ಬರುವಂತಿರಲಿಲ್ಲ. ರಮೇಶ ಹಾಗೆ ಅಂದೇ ಇಲ್ಲ.

ಆಗ ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸರಿ, ಪೂರ್ತಿ ಅಲ್ಲ, ಬರೀ ‘ಕೊಡ್ತೀನಿ’ ಅನ್ನುವ ಪದ ಉದ್ಧರಣೆ, ಉಳಿದದ್ದು ವರದಿ. ಪತ್ರಿಕೆಯವರು ಅರ್ಧ ವಾಕ್ಯ ತಮ್ಮದು ಬರೆದು ಮಧ್ಯೆ ಮಂತ್ರಿಯ ಎರಡು ಪದಕ್ಕೆ ಮಾತ್ರ ಚಿಹ್ನೆ ಹಾಕುವುದಿಲ್ಲವಾ, ಹಾಗೆ. ಇದು ಗಟ್ಟಿ ವಾದ. ಇದನ್ನು ಬೀಳಿಸಲು ಕಷ್ಟಪಡಬೇಕು.

ಒಂದು ಪ್ರಯತ್ನ ಪ್ರಶ್ನೆವಾಕ್ಯ. ಮಗ ಫೋನ್ ಮಾಡಿದ್ದ, ಫೋನ್ ಎತ್ತಿದ್ದು ಅಪ್ಪ. ಅಮ್ಮ ಅಡುಗೆಮನೆಯಿಂದ ಕೇಳುತ್ತಾರೆ: ‘ಎಷ್ಟು ಗಂಟೆಗೆ ಬರ್ತೀನಿ ಅಂದ?’ ಬರುವವನು ಮಗ, ಆದ್ದರಿಂದ ‘ಬರ್ತೀನಿ’ ಅವನದು. ಆದರೆ ‘ಎಷ್ಟು ಗಂಟೆಗೆ’ ಅಮ್ಮನ ಪ್ರಶ್ನೆ, ಮಗ ಹಾಗೆ ಕೇಳಿಲ್ಲ. ಅಮ್ಹಾರಿಕ್, ಜ಼ಾಜ಼ಾಕಿ ಚರ್ಚೆಯಲ್ಲೂ ಪ್ರಶ್ನೆಪದದ ಇಂಥ ಪರೀಕ್ಷೆಯೇ ದೊಡ್ಡ ಅಸ್ತ್ರ. ಕನ್ನಡದಲ್ಲಿ ಮಾತ್ರ ಅದರ ಮೊನೆ ಸ್ವಲ್ಪ ಮೊಂಡು. ಇಂಗ್ಲಿಷಿನಲ್ಲಿ ಪ್ರಶ್ನೆಪದ ತನ್ನ ಜಾಗ ಬಿಟ್ಟು ವಾಕ್ಯದ ಮುಂದಕ್ಕೆ ಹೋಗಬೇಕು, ಉದ್ಧರಣೆಯ ಗೋಡೆ ದಾಟಲು ಆಗುವುದಿಲ್ಲ, ಹಾಗಾಗಿ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ. ಕನ್ನಡದ ‘ಎಷ್ಟು’, ‘ಯಾರು’, ‘ಎಲ್ಲಿ’ ಇದ್ದಲ್ಲೇ ಇರುತ್ತವೆ. ‘ಉದ್ಧರಣೆಯಲ್ಲಿ ಒಂದು ಖಾಲಿ ಜಾಗ ಬಿಟ್ಟು ತುಂಬಿಸು ಅಂದಿದ್ದಾರೆ, ಅಷ್ಟೇ’ ಅಂತ ಎದುರಿನವರು ಹೇಳಬಹುದು. ಹೇಳಲಿ. ಈ ಬಿರುಕನ್ನು ನಿಮ್ಮ ಗುಂಪಿನಲ್ಲಿ ಯಾರು ಮೊದಲು ಹುಡುಕುತ್ತಾರೆ ಅಂತ ನೋಡಲು ನನಗೆ ಆಸೆ.

ಎರಡನೆಯದು ‘ತಾನು’. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ‘ತಾನೇ ಬಂದು ನಿನಗೆ ಕೊಡ್ತೀನಿ ಅಂದ.’ ಕಿವಿಗೆ ಪೂರ್ತಿ ಸಹಜ. ಪತ್ರಿಕೆಯಲ್ಲೂ ‘ತಾನು ರಾಜೀನಾಮೆ ಕೊಡುತ್ತೇನೆ ಎಂದು ಹೇಳಿದ’ ಅನ್ನುವ ರೀತಿಯ ವಾಕ್ಯ ಅಪರೂಪವಲ್ಲ. ಈಗ ಇದನ್ನು ಹೊರಗೆ ತೆಗೆದು ಒಂಟಿಯಾಗಿ ನಿಲ್ಲಿಸಿ: ‘ತಾನು ನಾಳೆ ಬರ್ತೀನಿ.’ ಯಾವ ಕನ್ನಡಿಗರೂ ಹೀಗೆ ಅನ್ನುವುದಿಲ್ಲ. ರಮೇಶನೂ ಅಂದಿಲ್ಲ. ಶಾಲೆಯ ವ್ಯಾಕರಣದ ಪ್ರಕಾರ ‘ತಾನು’ ಆತ್ಮಾರ್ಥಕ ಸರ್ವನಾಮ, ಅದರ ಜೊತೆ ‘ಬರ್ತಾನೆ’ ಬರಬೇಕು. ಇಲ್ಲಿ ಕರ್ತೃ ಒಂದು ಪುರುಷದಲ್ಲಿ, ಕ್ರಿಯಾಪದ ಇನ್ನೊಂದು ಪುರುಷದಲ್ಲಿ. ವರದಿಯ ಒಳಗೆ ಮಾತ್ರ ಬದುಕುವ ಜೋಡಿ ಇದು. ತಮಿಳಿನಲ್ಲೂ ತೆಲುಗಿನಲ್ಲೂ ಇದೇ ರೀತಿಯದು ಇದೆ, ತಮಿಳಿನ ಬಗ್ಗೆ ಸಂಧ್ಯಾ ಸುಂದರೇಶನ್ ವಿವರವಾಗಿ ಬರೆದಿದ್ದಾರೆ. ನಿಮ್ಮ ಗುಂಪಿನಲ್ಲಿ ತೆಲುಗು, ತಮಿಳು ಮನೆಮಾತಿನವರು ಇದ್ದರೆ ಅವರನ್ನು ಮಾತಾಡಿಸಿ. ಮರಾಠಿ, ಹಿಂದಿಯವರನ್ನೂ ಬಿಡಬೇಡಿ, ಅದೇ ಬಸ್ ಸ್ಟ್ಯಾಂಡ್ ಕತೆ ಕೊಟ್ಟು ಅವರ ಭಾಷೆಯಲ್ಲಿ ಸವಿತಾಗೆ ಹೇಗೆ ಹೇಳುತ್ತಾರೆ ಕೇಳಿ.

ಮೂರನೆಯದರಲ್ಲಿ ಎರಡೂ ವಿಭಾಗದವರಿಗೆ ಸಮಾನ ಕೆಲಸ ಇದೆ. ತತ್ತ್ವಜ್ಞ ಜಾನ್ ಪೆರಿ 1979ರ ಒಂದು ಲೇಖನವನ್ನು ಸೂಪರ್‌ಮಾರ್ಕೆಟಿನಿಂದ ಶುರು ಮಾಡುತ್ತಾನೆ. ನೆಲದ ಮೇಲೆ ಸಕ್ಕರೆ ಚೆಲ್ಲಿದ ಗೆರೆ. ಯಾರದೋ ಚೀಲ ಹರಿದಿದೆ, ಪಾಪ ಹೇಳೋಣ ಅಂತ ತಳ್ಳುಗಾಡಿ ತಳ್ಳಿಕೊಂಡು ಹಿಂದೆ ಹೋಗುತ್ತಾನೆ. ಸುತ್ತು ಹೊಡೆದಷ್ಟೂ ಸಕ್ಕರೆ ಜಾಸ್ತಿ ಆಗುತ್ತದೆ. ಆಮೇಲೆ ಗೊತ್ತಾಗುತ್ತದೆ, ಹರಿದ ಚೀಲ ತನ್ನದೇ. ಮೊದಲು ಅವನಿಗೆ ‘ಸಕ್ಕರೆ ಚೆಲ್ಲುತ್ತಿರುವವನ ಚೀಲ ಹರಿದಿದೆ’ ಅನ್ನುವುದು ಗೊತ್ತಿತ್ತು, ‘ನಾನು ಚೆಲ್ಲುತ್ತಿದ್ದೇನೆ’ ಅನ್ನುವುದು ಗೊತ್ತಿರಲಿಲ್ಲ. ಮನುಷ್ಯ ಒಬ್ಬನೇ ಆದರೂ ತಿಳಿವಳಿಕೆ ಬೇರೆ, ಮುಂದೆ ಮಾಡುವ ಕೆಲಸವೂ ಬೇರೆ.

ಇದನ್ನು ಕನ್ನಡಕ್ಕೆ ಹಚ್ಚಿ. ರಮೇಶ ಹಳೇ ಓಟದ ಸ್ಪರ್ಧೆಯ ವಿಡಿಯೊ ನೋಡುತ್ತಿದ್ದಾನೆ. ಅದರಲ್ಲಿ ಓಡುತ್ತಿರುವ ಹುಡುಗ ತಾನೇ ಅಂತ ಅವನಿಗೆ ಗುರುತು ಸಿಕ್ಕಿಲ್ಲ. ತೆರೆ ತೋರಿಸಿ ‘ಈ ಹುಡುಗ ಗೆಲ್ತಾನೆ’ ಅಂದ. ನಾನು ನಿಮಗೆ ‘ರಮೇಶ ಗೆಲ್ತೀನಿ ಅಂದ’ ಅಂತ ಹೇಳಬಹುದಾ? ಸುಳ್ಳಾಗುತ್ತದೆ. ‘ತಾನು ಗೆಲ್ತೀನಿ ಅಂದ’? ಅದೂ ಸುಳ್ಳು. ‘ಅವನು ಗೆಲ್ತಾನೆ ಅಂದ’? ಇದು ನಡೆಯುತ್ತದೆ. ಹಾಗಾದರೆ ‘ಗೆಲ್ತೀನಿ’ಯ ಆ ತುದಿ ಬರೀ ರಮೇಶನ ಕಡೆ ಬೆರಳು ತೋರಿಸುತ್ತಿಲ್ಲ. ತನ್ನ ಬಗ್ಗೆ ತನಗೇ ಗೊತ್ತಿದ್ದು ಅಂದ ಅನ್ನುವುದನ್ನೂ ಹೊತ್ತಿದೆ. ಪೆರಿಯ ಇಡೀ ಲೇಖನದ ಚಿಂತೆ ನಮ್ಮ ಭಾಷೆಯಲ್ಲಿ ಒಂದು ಪ್ರತ್ಯಯದ ಕೆಲಸವಾಗಿ ಕೂತಿದೆ. ಇಲ್ಲಿಂದ ಮುಂದೆ ಮಾತಾಡಲು ತತ್ತ್ವಶಾಸ್ತ್ರದವರು ಬೇಕೇ ಬೇಕು, ಭಾಷಾವಿಜ್ಞಾನದವರು ಒಬ್ಬರೇ ಎಳೆಯಲಾಗದು.

ಇದೆಲ್ಲ ಆದ ಮೇಲೂ ಕ್ಯಾಪ್ಲನ್ ಸೋತನಾ ಅಂದರೆ, ನನ್ನ ಮಟ್ಟಿಗೆ ಇನ್ನೂ ಇಲ್ಲ. ಅವನು ಹೇಳಿದ್ದು ‘ನಾನು’ ಅನ್ನುವ ಪದದ ಬಗ್ಗೆ. ಕ್ರಿಯಾಪದದ ತುದಿಯೂ ಒಂದು ‘ನಾನು’ ಅಂತ ಯಾರು ಹೇಳಿದರು? ಅದು ‘ಈ ಮಾತು ಯಾರ ತಲೆಗೆ ಸೇರಿದ್ದೋ ಅವರೇ ಇದರ ಕರ್ತೃ’ ಅಂತ ಗುರುತು ಹಾಕುವ ಬೇರೆಯೇ ಸಾಧನ ಇರಬಹುದು. ಆಗ ‘ತಾನು’ ಜೊತೆಗೂ ಅದು ಜಗಳವಿಲ್ಲದೆ ಕೂರುತ್ತದೆ, ಕ್ಯಾಪ್ಲನ್ನನ ನಿಯಮಕ್ಕೂ ಧಕ್ಕೆಯಿಲ್ಲ. ನನ್ನ ಒಲವು ಈ ಕಡೆ. ಇದನ್ನು ತೀರ್ಮಾನಿಸಬೇಕಾದರೆ ‘ನಾನು’ ಬಾಯಿಬಿಟ್ಟು ಹೇಳಿದ ವಾಕ್ಯ ಬೇಕು: ‘ಇವತ್ತು ನಾನೇ ನಿನಗೆ ಕೊಡ್ತೀನಿ ಅಂದ.’ ಇಲ್ಲಿ ‘ನಾನೇ’ ರಮೇಶ, ‘ನಿನಗೆ’ ಸವಿತಾ ಆಗಬಹುದಾ? ನನ್ನ ಕಿವಿಗೆ ‘ತಾನೇ’ ಸಲೀಸು, ‘ನಾನೇ’ ಹೇಳಿದರೆ ಕಾಲು ಸ್ವಲ್ಪ ತಡವರಿಸುತ್ತದೆ, ಆಗಲ್ಲ ಅಂತಲೂ ಅನ್ನಲಾರೆ. ಧಾರವಾಡದ ‘ಕೊಡ್ತೇನಿ’ಯವರು, ಮಂಗಳೂರಿನ ‘ಕೊಡ್ತೇನೆ’ಯವರು, ಮೈಸೂರಿನ ‘ಕೊಡ್ತೀನಿ’ಯವರು ಒಂದೇ ಥರ ಹೇಳುತ್ತಾರೆ ಅಂತ ಮೊದಲೇ ಅಂದುಕೊಳ್ಳಬೇಡಿ. ಕೇಳಿ ಬರೆದುಕೊಳ್ಳಿ.

ಕೇಳುವುದಕ್ಕೂ ಒಂದು ಕ್ರಮ ಇದೆ. ‘ಈ ವಾಕ್ಯ ಸರಿಯಾ’ ಅಂತ ಮಾತ್ರ ಕೇಳಬೇಡಿ. ಜನ ಪರೀಕ್ಷೆ ಬರೆಯುವ ಮನಸ್ಸಿಗೆ ಹೋಗುತ್ತಾರೆ, ‘ಕೊಡ್ತೀನಿ ತಪ್ಪು, ಕೊಡುತ್ತೇನೆ ಸರಿ’ ಅಂತ ತಿದ್ದಲು ಶುರು ಮಾಡುತ್ತಾರೆ. ಕತೆ ಹೇಳಿ, ವಾಕ್ಯ ಹೇಳಿ, ‘ಪುಸ್ತಕ ಕೊಡುವವರು ಯಾರು? ಯಾರಿಗೆ? ಯಾವತ್ತು?’ ಅಂತ ಕೇಳಿ. ಉತ್ತರ ತಾನಾಗಿ ಬರುತ್ತದೆ. ಗುಂಪಿನೊಳಗೂ ಹಾಗೇ. ಚರ್ಚೆ ಶುರುವಾಗುವ ಮೊದಲೇ ಪ್ರತಿಯೊಬ್ಬರೂ ತಮ್ಮ ತೀರ್ಪನ್ನು ಚೀಟಿಯಲ್ಲಿ ಬರೆದಿಡಲಿ. ಒಂದೇ ವಾಕ್ಯವನ್ನು ಹತ್ತು ಸಲ ಹೇಳಿಕೊಂಡರೆ ಕಿವಿ ಕೆಡುತ್ತದೆ. ಆಮೇಲೆ ಎಲ್ಲವೂ ಸರಿ ಅನ್ನಿಸುತ್ತದೆ, ಇಲ್ಲವಾದರೆ ಎಲ್ಲವೂ ತಪ್ಪು. ವಾದ ಮಾಡುವವರ ಕಿವಿಯಂತೂ ತಮ್ಮ ವಾದಕ್ಕೆ ತಕ್ಕಂತೆ ಬಾಗುತ್ತದೆ, ಇದರಲ್ಲಿ ಯಾವ ವಿಭಾಗವೂ ಸಾಚಾ ಅಲ್ಲ.

ನಡೆಸುವ ಬಗ್ಗೆ ಇನ್ನು ಎರಡು ಮಾತು. ಸ್ಲೈಡ್ ಬಿಡಿ. ಒಂದೇ ಪುಟದ ಹಾಳೆ ಸಾಕು, ಅದರಲ್ಲಿ ವಾಕ್ಯಗಳು ಮತ್ತು ಒಂದು ಪ್ರಶ್ನೆ. ಮಂಡಿಸುವವರು ಹತ್ತು ನಿಮಿಷಕ್ಕೆ ಮುಗಿಸಲಿ. ತೀರಾ ಕಡಿಮೆ ಆಯಿತು ಅನ್ನಿಸಿದರೆ ಕೇಂಬ್ರಿಜ್‌ನ ತತ್ತ್ವಶಾಸ್ತ್ರದವರ ಚರ್ಚಾಕೂಟವಾದ ಮಾರಲ್ ಸೈನ್ಸಸ್ ಕ್ಲಬ್ಬನ್ನು ನೆನೆಯಿರಿ. 1912ರ ನವೆಂಬರಿನಲ್ಲಿ ವಿಟ್‌ಗೆನ್‌ಸ್ಟೈನ್ ಅಲ್ಲಿ ‘ತತ್ತ್ವಶಾಸ್ತ್ರ ಅಂದರೇನು’ ಅಂತ ಓದಿದ ಪ್ರಬಂಧ ಸುಮಾರು ನಾಲ್ಕು ನಿಮಿಷದ್ದು. ಹಿಂದಿನ ದಾಖಲೆಯನ್ನು ಹತ್ತಿರಹತ್ತಿರ ಎರಡು ನಿಮಿಷದಿಂದ ಮುರಿದ ಅಂತ ಕ್ಲಬ್ಬಿನ ನಡಾವಳಿ ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ. ಮಿಕ್ಕ ಸಮಯವೆಲ್ಲ ಚರ್ಚೆಗೆ.

ಮತ್ತೆ, ಪಾತ್ರ ಅದಲುಬದಲು ಮಾಡಿ. ವಾಕ್ಯಗಳನ್ನು ತರುವ ಕೆಲಸ ತತ್ತ್ವಶಾಸ್ತ್ರದವರಿಗೆ, ವಾದವನ್ನು ಕಟ್ಟಿ ನಿಲ್ಲಿಸುವ ಕೆಲಸ ನಿಮಗೆ. ಮೊದಲೆರಡು ಸಲ ಇಬ್ಬರೂ ಗೊಣಗುತ್ತಾರೆ, ಗೊಣಗಲಿ. ಈ ಎರಡು ಶಾಸ್ತ್ರ ಒಂದಾಗಿ ಕೆಲಸ ಮಾಡಿದ ದೊಡ್ಡ ಪ್ರಸಂಗವೂ ಹೀಗೇ ಆಗಿದ್ದು. ಬಾರ್ಬರಾ ಪಾರ್ಟಿ ಚಾಮ್ಸ್ಕಿಯ ವಿದ್ಯಾರ್ಥಿನಿ, ಎಂಐಟಿಯಲ್ಲಿ ಪಿಎಚ್.ಡಿ. ಮುಗಿಸಿ 1965ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎಗೆ ಬಂದರು. ಅಲ್ಲಿ ರಿಚರ್ಡ್ ಮಾಂಟಗ್ಯು ಅನ್ನುವ ತರ್ಕಶಾಸ್ತ್ರಜ್ಞ ಇದ್ದ. ಸಹಜ ಭಾಷೆಗೂ ತರ್ಕಶಾಸ್ತ್ರದವರು ಕಟ್ಟಿದ ಕೃತಕ ಭಾಷೆಗೂ ಸಿದ್ಧಾಂತದ ಮಟ್ಟದಲ್ಲಿ ಮುಖ್ಯವಾದ ವ್ಯತ್ಯಾಸವೇ ಇಲ್ಲ ಅನ್ನುವುದು ಅವನ ನಿಲುವು. ಚಾಮ್ಸ್ಕಿಯ ಶಾಲೆಯಿಂದ ಬಂದವರಿಗೆ ಇದು ಒಪ್ಪುವ ಮಾತೇ ಅಲ್ಲ. ಆದರೂ ಪಾರ್ಟಿ ಅವನ ಸೆಮಿನಾರಿಗೆ ಹೋಗಿ ಕೂತರು, ಚಾಮ್ಸ್ಕಿ, ಮಾಂಟಗ್ಯು ಇಬ್ಬರ ನಿಯಮಗಳನ್ನೂ ಒಂದಕ್ಕೊಂದು ಹೊಂದಿಸಲು ನೋಡಿದರು. ಇವತ್ತು ಫಾರ್ಮಲ್ ಸೆಮ್ಯಾಂಟಿಕ್ಸ್ (ತರ್ಕದ ಸೂತ್ರಗಳಲ್ಲಿ ಅರ್ಥ ಬಿಡಿಸುವ ವಿದ್ಯೆ) ಅಂತ ನಿಮಗೆ ಪಾಠ ಮಾಡುತ್ತಿರುವುದರ ಬಹುಭಾಗ ಅಲ್ಲಿಂದ ಬೆಳೆದದ್ದು. ಮಾಂಟಗ್ಯುವಿನ 1973ರ ಲೇಖನವನ್ನು ಮಾತ್ರ ದಯವಿಟ್ಟು ಮೊದಲ ವರ್ಷ ಮುಟ್ಟಬೇಡಿ. ಉಳಿದ ಅರ್ಧ ಜನವೂ ಓಡಿಹೋಗುತ್ತಾರೆ.

ಕನ್ನಡಕ್ಕೆ ಏನಾದರೂ ಕೆಲಸ ಇದೆಯಾ ಅಂದಿರಿ. ಮೇಲಿನದ್ದು ಸಾಲದಿದ್ದರೆ ಇನ್ನೊಂದು ಹೇಳುತ್ತೇನೆ, ಇದು ಅಚ್ಚಾಗಿ ಹೆಸರಾದ ಕೆಲಸ. ‘ನಾನು ಎರಡು ಪುಸ್ತಕ ಓದಲಿಲ್ಲ’ ಅನ್ನಿ. ಎರಡು ಅರ್ಥ ಇದೆ. ಓದದೆ ಬಿಟ್ಟ ಎರಡು ಪುಸ್ತಕ ಇವೆ ಅನ್ನುವುದು ಒಂದು. ಓದಿದ್ದು ಎರಡಲ್ಲ, ಒಂದೇ ಇರಬಹುದು ಅನ್ನುವುದು ಇನ್ನೊಂದು. ಇಂಗ್ಲಿಷ್ ಮಾತಾಡುವ ನಾಲ್ಕು ವರ್ಷದ ಮಕ್ಕಳು ಇಂಥ ವಾಕ್ಯದಲ್ಲಿ ಎರಡನೇ ಅರ್ಥದ ಕಡೆಗೇ ವಾಲುತ್ತಾರೆ, ನಿಷೇಧ ಸಂಖ್ಯೆಯನ್ನು ತನ್ನೊಳಗೆ ಹಾಕಿಕೊಳ್ಳುವ ಅರ್ಥ. ಯಾಕೆ? ಇಂಗ್ಲಿಷಿನ ನಿಷೇಧಪದ ಮೊದಲು ಕೇಳಿಸುತ್ತದೆ, ‘ಎರಡು ಪುಸ್ತಕ’ ಆಮೇಲೆ ಬರುತ್ತದೆ. ಮಕ್ಕಳು ಕೇಳಿಸಿದ ಕ್ರಮವನ್ನೇ ಹಿಡಿದಿರಬಹುದು. ಅಥವಾ ವಾಕ್ಯದ ಒಳರಚನೆಯಲ್ಲಿ ನಿಷೇಧ ಮೇಲೆ ಇದೆ, ಕರ್ಮ ಕೆಳಗೆ ಇದೆ, ಅದನ್ನು ಹಿಡಿದಿರಬಹುದು. ಇಂಗ್ಲಿಷಿನಲ್ಲಿ ಈ ಎರಡೂ ಒಂದೇ ಕಡೆ ತೋರಿಸುತ್ತವೆ, ಎಷ್ಟು ಮಕ್ಕಳನ್ನು ಕೇಳಿದರೂ ಬೇರ್ಪಡಿಸಲಾಗದು.

ಕನ್ನಡದಲ್ಲಿ ಬೇರ್ಪಡುತ್ತವೆ. ‘ಎರಡು ಪುಸ್ತಕ’ ಮೊದಲು ಕೇಳಿಸುತ್ತದೆ, ‘ಇಲ್ಲ’ ಕೊನೆಗೆ ಬರುತ್ತದೆ. ಆದರೆ ರಚನೆಯಲ್ಲಿ ‘ಇಲ್ಲ’ವೇ ಮೇಲೆ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಕನ್ನಡದ ಮಕ್ಕಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಕನ್ನಡದ ಮಕ್ಕಳೂ ಅದೇ ಎರಡನೇ ಅರ್ಥದ ಕಡೆಗೆ ವಾಲಿದರು. ಅಂದರೆ ಮಕ್ಕಳು ಹಿಡಿದದ್ದು ಪದಗಳ ಸಾಲನ್ನಲ್ಲ, ರಚನೆಯನ್ನು. ಇಲ್ಲಿ ಕನ್ನಡ ಅಲಂಕಾರಕ್ಕೆ ಬಂದದ್ದಲ್ಲ ನೋಡಿ. ಇಂಗ್ಲಿಷ್ ಮಾಡಲಾಗದ ಕೆಲಸವನ್ನು ಮಾಡಲು ಬಂದದ್ದು. ‘ಮಾಡಿಸು’, ‘ಓದಿಸು’ ಇವುಗಳ ತುದಿಯ ‘-ಇಸು’ ಪ್ರತ್ಯಯವನ್ನು ಇಟ್ಟುಕೊಂಡು ಮೂರು ವರ್ಷದ ಕನ್ನಡದ ಮಕ್ಕಳ ಮೇಲೆ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ ಮಾಡಿದ ಇನ್ನೊಂದು ಕೆಲಸವೂ ಇದೆ. ಕ್ರಿಯಾಪದದ ಅರ್ಥ ಊಹಿಸಲು ಮಕ್ಕಳು ಎದ್ದು ಕಾಣುವ ‘-ಇಸು’ವನ್ನು ನಂಬದೆ ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅಂತ ನೋಡಿದರಂತೆ. ಅದನ್ನು ಸ್ವಂತ ಭಾಷೆಯ ಮೇಲೆ ಓದುವಾಗ ನಿಮ್ಮವರು ನಿದ್ದೆ ಮಾಡುವುದಿಲ್ಲ, ಗ್ಯಾರಂಟಿ.

ಒಂದು ಎಚ್ಚರಿಕೆ. ಗುಂಪು ಸ್ವಲ್ಪ ಗಟ್ಟಿಯಾದ ಕೂಡಲೇ ಯಾರಾದರೂ ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಅಂತ ಒಂದು ಇಡೀ ಸಂಜೆ ತೆಗೆದುಕೊಳ್ಳುತ್ತಾರೆ. ಇತ್ತು, ನಿಜ. ಆದರೆ ಹಾಗೆ ಸಾರಾಸಗಟಾಗಿ ಹೇಳಿದರೆ ಯಾರಿಗೂ ಏನೂ ಸಿಗುವುದಿಲ್ಲ. ಒಂದು ಜಗಳವನ್ನು ಮಾತ್ರ ತನ್ನಿ. ಪದಗಳು ಮೊದಲು ತಮ್ಮ ತಮ್ಮ ಅರ್ಥ ಕೊಟ್ಟು, ಆಮೇಲೆ ಆ ಅರ್ಥಗಳು ಕೂಡಿಕೊಳ್ಳುತ್ತವೆ ಅಂತ ಮೀಮಾಂಸೆಯ ಕುಮಾರಿಲನ ಕಡೆಯವರು. ಇಲ್ಲ, ಪದ ಅರ್ಥ ಕೊಡುವುದೇ ಬೇರೆ ಪದದ ಜೊತೆ ಕೂಡಿಕೊಂಡು ಅಂತ ಪ್ರಭಾಕರನ ಕಡೆಯವರು. ಇವಕ್ಕೆ ಕ್ರಮವಾಗಿ ಅಭಿಹಿತಾನ್ವಯ, ಅನ್ವಿತಾಭಿಧಾನ ಅಂತ ಹೆಸರು. ವಾಕ್ಯದ ಸಂದರ್ಭದಲ್ಲಿ ಮಾತ್ರ ಪದದ ಅರ್ಥ ಕೇಳು ಅಂತ ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆ 1884ರಲ್ಲಿ ಹೇಳಿದ್ದಕ್ಕೂ ಇದಕ್ಕೂ ಎಷ್ಟು ಹತ್ತಿರ, ಎಷ್ಟು ದೂರ ಅಂತ ಬಿಮಲ ಕೃಷ್ಣ ಮತಿಲಾಲ್ ಮತ್ತು ಪಿ.ಕೆ. ಸೇನ್ 1988ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಒಂದು ಸಂಜೆಗೆ ಅದು ಧಾರಾಳ.

ಈಗ ಓದುವ ಪಟ್ಟಿ, ಮಾತು ಕೊಟ್ಟಿದ್ದೆನಲ್ಲ. ಮೊದಲ ಸಭೆಗೆ ಏನೂ ಓದಬೇಡಿ, ಬಸ್ ಸ್ಟ್ಯಾಂಡ್ ವಾಕ್ಯ ಸಾಕು. ಎರಡನೆಯದಕ್ಕೆ ಪೆರಿಯ ಸಕ್ಕರೆ ಲೇಖನ, ಚಿಕ್ಕದು, ಓದಲು ಸುಖ. ಮೂರು ಮತ್ತು ನಾಲ್ಕಕ್ಕೆ ಕ್ಯಾಪ್ಲನ್, ಆದರೆ ಪೂರ್ತಿ ಅಲ್ಲ. ಮಾನ್‌ಸ್ಟರ್ ಮಾತು ಬರುವ ತನಕ ಓದಿ, ಹಿಂಭಾಗದ ತರ್ಕಸೂತ್ರಗಳನ್ನು ಇಷ್ಟ ಇದ್ದವರಿಗೆ ಬಿಡಿ. ಆಮೇಲೆ ಶ್ಲೆಂಕರ್‌ನ ಮೊದಲ ಭಾಗ, ಆನಂದ್ ಮತ್ತು ನೆವಿನ್ಸ್, ಸುಂದರೇಶನ್. ಇವರ ಜೊತೆಗೆ ಡಿ.ಎನ್. ಶಂಕರ ಭಟ್ಟರು ಸರ್ವನಾಮಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ 2004ರ ಪುಸ್ತಕದಿಂದ ಒಂದೆರಡು ಅಧ್ಯಾಯ. ‘ನಾನು, ನೀನು’ ಒಂದು ಜಾತಿ, ‘ಅವನು, ಯಾರು’ ಇನ್ನೊಂದು ಜಾತಿ, ಇವನ್ನು ಒಂದೇ ಸರ್ವನಾಮ ಅನ್ನುವ ಚೀಲಕ್ಕೆ ತುಂಬಿದ್ದೇ ಸರಿಯಿಲ್ಲ ಅನ್ನುವುದು ಅವರ ವಾದ. ಹಾಗಾದರೆ ‘ತಾನು’ ಯಾವ ಕಡೆ ಅಂತ ಕೇಳಿದರೆ ಸಾಕು, ಎರಡು ವಾರ ಕಳೆಯುತ್ತದೆ. ಲಿಡ್ಜ್ ಮತ್ತು ಮುಸೊಲಿನೊ ಅದರ ನಂತರ. ತತ್ತ್ವಜ್ಞ ಗ್ರೈಸ್ 1967ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟು 1975ರಲ್ಲಿ ಅಚ್ಚಾದ ಸಂಭಾಷಣೆಯ ಉಪನ್ಯಾಸವನ್ನು ಯಾರೂ ಓದಿಕೊಂಡು ಬರದ ವಾರಕ್ಕೆ ಕಾದಿಡಿ, ಅದನ್ನು ಕೂತಲ್ಲೇ ಗಟ್ಟಿಯಾಗಿ ಓದಬಹುದು.

ತತ್ತ್ವಜ್ಞ ಬರ್ಟ್ರಂಡ್ ರಸೆಲ್‌ನ 1905ರ ಲೇಖನವನ್ನು ಸಾಮಾನ್ಯವಾಗಿ ಎಲ್ಲರೂ ಮೊದಲಿಗೆ ಇಡುತ್ತಾರೆ. ನಾನು ಇಡುವುದಿಲ್ಲ. ಅದರ ಮುಖ್ಯ ಭಾಗ ನಿಂತಿರುವುದು ಇಂಗ್ಲಿಷಿನ ‘the’ ಅನ್ನುವ ಒಂದು ಸಣ್ಣ ಪದದ ಮೇಲೆ, ಅದು ಕನ್ನಡದಲ್ಲಿ ಇಲ್ಲ. ಮೊದಲ ವಾರವೇ ಅದನ್ನು ಕೊಟ್ಟರೆ ನಿಮ್ಮ ಜನ ಮತ್ತೆ ಇಂಗ್ಲಿಷ್ ವಾಕ್ಯಗಳ ಮೇಲೆ ಬೇರೆಯವರ ತೀರ್ಪು ನಂಬಿ ಕೂರುತ್ತಾರೆ. ಅದಕ್ಕೆ ಬರುವ ಮೊದಲು ಒಂದು ಕತೆ ಕಟ್ಟಿ ‘ಪುಸ್ತಕ ಓದಿದ’, ‘ಪುಸ್ತಕವನ್ನು ಓದಿದ’, ‘ಒಂದು ಪುಸ್ತಕ ಓದಿದ’, ‘ಒಂದು ಪುಸ್ತಕವನ್ನು ಓದಿದ’ ನಾಲ್ಕನ್ನೂ ಹಾಳೆಯ ಮೇಲೆ ಹಾಕಿ, ಯಾವುದರಲ್ಲಿ ಯಾವ ಪುಸ್ತಕ ಅಂತ ಮೊದಲೇ ಗೊತ್ತಿರಬೇಕು, ಯಾವುದರಲ್ಲಿ ಬೇಡ ಅಂತ ಚೀಟಿ ತುಂಬಿಸಿಕೊಳ್ಳಿ. ಚೀಟಿಗಳು ಹೊಂದದೇ ಇದ್ದರೆ ರಸೆಲ್‌ನನ್ನು ಇನ್ನೊಂದು ವಾರ ಮುಂದೂಡಿ.